ಕೆಳಗಿನ ಕೇರಿಯ ಒಂದೂಕಾಲು ಅಡಿ

ಬೆಳಗಿನ ಐದೂಮುಕ್ಕಾಲು. ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ, ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಅಂಕಿ ಕೆತ್ತಿದ ಮೊಣಕಾಲೆತ್ತರದ ಕಲ್ಲೊಂದಿದೆ. ಅದರ ತಲೆಯ ಮೇಲೆ ಮೂರು ಮೀಟರಿನ ಕೆಂಪು-ಬಿಳಿ ಕೋಲನ್ನು ನೆಟ್ಟಗೆ ಹಿಡಿದು ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದಾರೆ. ನಲವತ್ತು ಮೀಟರ್ ಆಚೆ, ಮುಕ್ಕಾಲಿಯ ಮೇಲಿನ ದುರ್ಬೀನಿಗೆ ಕಣ್ಣಿಟ್ಟು ಬಗ್ಗಿರುವವರು ಅವರ ಅಣ್ಣ.

"ಪುಟ್ಟಿ, ಸ್ವಲ್ಪ ಎಡಕ್ಕೆ ವಾಲಿದೆ."

"ಕೋಲೋ, ನಾನೋ?"

"ಇಬ್ರೂ."

ಪುಟ್ಟಿ ನಗುವುದಿಲ್ಲ, ಕೋಲನ್ನು ಕೂದಲೆಳೆಯಷ್ಟು ಬಲಕ್ಕೆ ತರುತ್ತಾರೆ. ಅಣ್ಣ ಅಂಕಿ ಓದುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ, ಮತ್ತೆ ಓದಿ ಪಕ್ಕದಲ್ಲಿ ಇನ್ನೊಮ್ಮೆ ಬರೆಯುತ್ತಾರೆ. ಇದು ಬೆಳಗಿನ ಕೆಲಸ. ಬಿಸಿಲೇರಿದರೆ ನೆಲದಿಂದ ಝಳ ಎದ್ದು ದುರ್ಬೀನಿನೊಳಗೆ ಅಂಕಿಗಳು ಕುಣಿಯತೊಡಗುತ್ತವೆ. ಮತ್ತೊಂದು ಕಾರಣವೂ ಇದೆ: ದುರ್ಬೀನು ಇವರದಲ್ಲ. ಕಟ್ಟಡದ ಮೇಸ್ತ್ರಿಯೊಬ್ಬರಿಂದ ಬೇಡಿ ತಂದದ್ದು, ಎಂಟು ಗಂಟೆಗೆ ಅವರ ಕೆಲಸ ಶುರುವಾಗುವುದರೊಳಗೆ ವಾಪಸು ಕೊಡಬೇಕು.

ನಿಜ ಹೇಳಬೇಕೆಂದರೆ ನಾನು ಬಂದದ್ದು ಬೇರೆಯದೇ ಕಥೆಗೆ. ದೇಶದ ಎತ್ತರವನ್ನೆಲ್ಲ ಕೋಲು ಹಿಡಿದು ಅಳೆದ ಮನುಷ್ಯನೊಬ್ಬನಿದ್ದಾನಂತೆ, ಭಾನುವಾರಕ್ಕೆ ಹಗುರವಾಗಿ ಏನಾದರೂ ಬರೆದುಕೊಂಡು ಬನ್ನಿ ಎಂದು ಸಂಪಾದಕರು ಕಳಿಸಿದ್ದರು. ಹಗುರವಾದದ್ದೂ ಸಿಕ್ಕಿತು, ಇಲ್ಲವೆನ್ನುವುದಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಈ ಅಣ್ಣನನ್ನು ಊರೆಲ್ಲ ಕರೆಯುವುದು ಕೋಲಣ್ಣ ಎಂದೇ. ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕೋಲು ಹಿಡಿದು, ಎಂಟು ತಿಂಗಳ ಹಿಂದೆ ನಿವೃತ್ತರಾದವರು. ದಿನಕ್ಕೆ ಐವತ್ತು ಅರವತ್ತು ಸಲ ಕೋಲು ನಿಲ್ಲಿಸಿ, ಕಿತ್ತು, ಮುಂದೆ ನಡೆಯುವುದು. ದಿನಕ್ಕೆ ನಾಲ್ಕು ಕಿಲೋಮೀಟರ್ ಆದರೆ ಸಾಹೇಬರು ಖುಷಿ. ಹೋದ ದಾರಿಯಲ್ಲೇ ಮತ್ತೆ ಅಳೆಯುತ್ತ ಹಿಂದಿರುಗಬೇಕು, ಎರಡೂ ಲೆಕ್ಕ ತಾಳೆಯಾಗಬೇಕು. ಹೀಗೆ ನಡೆದು ನಡೆದು ಅವರು ಒಂದು ದ್ವೀಪದಿಂದ ಪ್ರಸ್ಥಭೂಮಿಯ ತುದಿಯವರೆಗೆ ಹೋಗಿದ್ದಾರೆ. ದೇಶದ ಎತ್ತರದ ಸೊನ್ನೆ ಶುರುವಾಗುವುದು ಆ ದ್ವೀಪದ ದಕ್ಕೆಯಲ್ಲಂತೆ. ಅಲ್ಲಿ ಒಬ್ಬ ಮುದುಕ ಸಮುದ್ರದ ಏರಿಳಿತವನ್ನು ಗಂಟೆಗೊಮ್ಮೆ ಬರೆಯುತ್ತ ಕೂತಿರುತ್ತಿದ್ದ. "ಅವನ ಹತ್ರ ಜಗಳ ಆಡಿದ್ರೆ ಇಡೀ ದೇಶ ಒಂದಿಂಚು ಕೆಳಗೆ ಹೋಗುತ್ತೆ ಅಂತ ನಮ್ ಸಾಹೇಬ್ರು ಹೆದ್ರಿಸೋರು. ನಾನು ಅವನಿಗೆ ದಿನಾ ಬೀಡಿ ಕೊಡ್ತಿದ್ದೆ."

ಮಲೆನೆತ್ತಿಯ ಎರಡು ಊರುಗಳು ತಮ್ಮೂರೇ ಎತ್ತರವೆಂದು ಮೂರು ತಲೆಮಾರು ಕಚ್ಚಾಡುತ್ತಿದ್ದವು. ಕೋಲಣ್ಣ ಅಳೆಯಲು ಹೋದಾಗ ಒಂದೂರಿನ ಹೋಟೆಲಿನವರು ಎರಡು ದಿನ ಚಹಾಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. ಮೂರನೇ ದಿನ ಪಕ್ಕಕ್ಕೆ ಕರೆದು, "ಒಂದೆರಡು ಅಡಿ ನೋಡ್ಕೊಂಡು ಹಾಕ್ರಣ್ಣ" ಎಂದರಂತೆ. ಅಳೆದು ನೋಡಿದರೆ ಆ ಊರೇ ಏಳಡಿ ತಗ್ಗು. ನಾಲ್ಕನೇ ದಿನ ಅದೇ ಹೋಟೆಲಿನಲ್ಲಿ ಹಿಂದಿನ ಚಹಾದ ಲೆಕ್ಕವನ್ನೂ ಸೇರಿಸಿ ಕೊಟ್ಟು ಎದ್ದುಬಂದರು.

ಹಗುರವಾದ ಭಾಗ ಇಷ್ಟೇ.

ಕೋಲಿನ ಕೆಳಗೆ ಇಡುವ ಒಂದು ಕಬ್ಬಿಣದ ಬಿಲ್ಲೆ ಇದೆ. ಮೂರು ಗಿಡ್ಡ ಕಾಲು, ನಡುವೆ ಅಂಗಿಯ ಗುಂಡಿಯಂಥ ಉಬ್ಬು. ಅದನ್ನು ಇವರು ಆಮೆ ಎನ್ನುತ್ತಾರೆ. ಆಮೆಯನ್ನು ನೆಲಕ್ಕೊತ್ತಿ ಅದರ ಮೇಲೆ ಕೋಲು ನಿಲ್ಲಿಸಬೇಕು. ದುರ್ಬೀನಿನವರು ಅಂಕಿ ಓದಿಕೊಂಡು, ಕೋಲನ್ನು ದಾಟಿ ಮುಂದೆ ಹೋಗಿ, ಅಲ್ಲಿಂದ ತಿರುಗಿ ಅದೇ ಆಮೆಯ ಮೇಲಿನ ಕೋಲನ್ನು ಮತ್ತೆ ಓದುತ್ತಾರೆ. ಅವರು ನಡೆದುಹೋಗುವ ಆ ಐದು ನಿಮಿಷ ಆಮೆ ಅಲುಗುವಂತಿಲ್ಲ. ಅಲುಗಿದರೆ ಹಿಂದಿನದಕ್ಕೂ ಮುಂದಿನದಕ್ಕೂ ನಂಟು ಕಡಿದಂತೆ. ಕೋಲು ಹಿಡಿಯುವವನ ಉದ್ಯೋಗ ಅಂದರೆ ಆ ಐದು ನಿಮಿಷವೇ.

ಹದಿನಾಲ್ಕು ವರ್ಷದ ಹಿಂದೆ ಇದೇ ಊರಿನಲ್ಲಿ, ಇದೇ ದಾರಿಯಲ್ಲಿ ಅಳತೆ ನಡೆದಿತ್ತು. ಊರ ಕಚೇರಿಯ ಮುಂದಿನ ಕಲ್ಲಿನಿಂದ ಕೆಳಗಿನ ಕೇರಿಯ ಶಾಲೆಯ ಕಲ್ಲಿನವರೆಗೆ ಒಂದೂವರೆ ಕಿಲೋಮೀಟರ್. ಅಳತೆಯ ಸಾಲು ಶಾಲೆಯ ಕಲ್ಲಿಗೇ ಮುಗಿಯುತ್ತದೆ, ಆಚೆ ಹೊಳೆ. ನಡುವೆ ಒಂದು ಮೋರಿ. ಕೋಲಣ್ಣ ಆಮೆಯನ್ನು ಮೋರಿಯ ಅಂಚಿನ ಮೆಟ್ಟಿಲ ಮೇಲೆ ಇಟ್ಟಿದ್ದರು. ಸಾಹೇಬರು ಅಂಕಿ ಓದಿ, ಬೆನ್ನು ಹಾಕಿ ಮುಂದೆ ನಡೆದರು. ಆಗ ಜಲ್ಲಿ ತುಂಬಿದ ಲಾರಿಯೊಂದು ಹಿಂದಕ್ಕೆ ಬಂತು.

"ಹಾರ್ನ್ ಮೇಲೆ ಹಾರ್ನ್. ಕೋಲು, ಆಮೆ ಎರಡನ್ನೂ ಎತ್ಕೊಂಡು ಪಕ್ಕಕ್ಕೆ ಹಾರಿದೆ. ಲಾರಿ ಹೋಯ್ತು, ನೋಡಿದ್ರೆ ಮೆಟ್ಟಿಲೇ ಇಲ್ಲ, ಪುಡಿಪುಡಿ. ಅಲ್ಲೇ ಕೆಳಗೆ ರಸ್ತೆ ಮೇಲೆ ಆಮೆ ಇಟ್ಟು ಕೋಲು ನಿಲ್ಲಿಸ್ದೆ. ಸಾಹೇಬ್ರು ತಿರುಗಿ ಓದ್ಕೊಂಡ್ರು."

ಯಾಕೆ ಹೇಳಲಿಲ್ಲ?

"ಹೇಳಿದ್ರೆ ಮೊದಲಿಂದ ಅಳೀಬೇಕು. ಮಳೆ ಮೋಡ ಬೇರೆ. ಹೇಗಿದ್ರೂ ವಾಪಸು ಅಳೀತಾ ಬರ್ತೀವಲ್ಲ, ಆಗ ಗೊತ್ತಾಗುತ್ತೆ, ಆವಾಗ ಬೈಸ್ಕೊಂಡ್ರಾಯ್ತು ಅಂದ್ಕೊಂಡೆ."

ಅವರು ವಾಪಸು ಅಳೆಯುತ್ತ ಬರಲೇ ಇಲ್ಲ. ಮಳೆ ಶುರುವಾಯಿತು, ಸಾಹೇಬರು ಜೀಪು ಹತ್ತಿದರು, ಹಿಂದಿರುಗಿದ ಲೆಕ್ಕವನ್ನು ಕಚೇರಿಯ ಮೇಜಿನ ಮೇಲೆ ಕೂತು ತುಂಬಿದರು. ಎರಡೂ ಲೆಕ್ಕಕ್ಕೆ ವ್ಯತ್ಯಾಸ ಸೊನ್ನೆ ಎಂದು ಷರಾ ಬಿತ್ತು. ಒಬ್ಬರು ಬಾಯಿ ಬಿಡಲಿಲ್ಲ, ಇನ್ನೊಬ್ಬರು ಕಾಲು ನೆನೆಸಿಕೊಳ್ಳಲಿಲ್ಲ. ಲೆಕ್ಕದಲ್ಲಿ ಆಮೆ ಇನ್ನೂ ಮೆಟ್ಟಿಲ ಮೇಲೇ ಇತ್ತು, ಹಾಗಾಗಿ ಕೆಳಗಿನ ಕೇರಿ ಕಾಗದದ ಮೇಲೆ ಒಂದೂಕಾಲು ಅಡಿ ಮೇಲೆದ್ದಿತು.

ಮೂರು ವರ್ಷದ ಹಿಂದೆ ಹೊಳೆ ಉಕ್ಕಿತು. ನೀರು ಎಷ್ಟು ಎತ್ತರ ಬರಬಹುದೆಂದು ಅಂದಾಜು ಬಂತು, ಅದಕ್ಕಿಂತ ತಗ್ಗಿನಲ್ಲಿರುವ ಬೀದಿಗಳ ಪಟ್ಟಿ ತೆಗೆದರು, ಪಟ್ಟಿಯಲ್ಲಿದ್ದ ಬೀದಿಗಳಿಗೆ ಜನರನ್ನು ಕರೆತರಲು ಬಸ್ಸುಗಳು ಹೋದವು. ಕೆಳಗಿನ ಕೇರಿಯ ನಲವತ್ತೆರಡು ಮನೆ ಪಟ್ಟಿಯಲ್ಲಿರಲಿಲ್ಲ. ಅಂದಾಜಿಗಿಂತ ಅಂಗೈಯಗಲ ಮೇಲಿವೆ ಎಂದು ಕಾಗದ ಹೇಳುತ್ತಿತ್ತು. ಆ ಮಧ್ಯಾಹ್ನ ಕೇರಿಯಲ್ಲಿ ಏಳು ಜನ ಸತ್ತರು. ಏಳನೆಯವರು ಪುಟ್ಟಿಯವರ ಗಂಡ, ಸೈಕಲ್ ರಿಪೇರಿಯವರು.

"ಪಕ್ಕದ ಮನೆ ಅಜ್ಜಿ ಎದ್ದು ಓಡಾಡೋಳಲ್ಲ. ಅವಳನ್ನ ಎತ್ತಿ ಅಟ್ಟದ ಮೇಲೆ ಕೂರ್ಸಿ ಬಂದ್ರು. ಆಮೇಲೆ ಎದುರು ಮನೆಗೆ ಅಂತ ಬೀದಿಗಿಳಿದ್ರು," ಎನ್ನುತ್ತಾರೆ ಪುಟ್ಟಿ. ಅವರದು ಹೊಲಿಗೆ ಕೆಲಸ. ಮಾತಾಡುವಾಗಲೂ ಬೆರಳು ಸೀರೆಯ ಅಂಚನ್ನು ಮಡಿಸುತ್ತ ಬಿಡಿಸುತ್ತ ಇರುತ್ತದೆ. "ಬೀದೀಲಿ ಮೊಣಕಾಲುದ್ದ ನೀರು. ಅಷ್ಟೇ. ಆದ್ರೆ ಸೆಳೆತ. ಹೊಳೆ ಈಜಿ ದಾಟ್ತಿದ್ದ ಮನುಷ್ಯ ಮೊಣಕಾಲುದ್ದ ನೀರಲ್ಲಿ ಹೋದ್ರು."

ಬಾಗಿಲಿಗೆ ಬಸ್ಸು ಬಂದಿದ್ದರೆ ಅವರು ಬೀದಿಗೆ ಇಳಿಯುತ್ತಿದ್ದದ್ದು ಬಸ್ಸು ಹತ್ತುವುದಕ್ಕೆ. ಇದನ್ನು ಪುಟ್ಟಿ ಹೇಳಲಿಲ್ಲ, ಬರೆಯುವಾಗ ನನಗೇ ಹೊಳೆದದ್ದು.

ನೀರಿಳಿದ ಮೂರನೇ ದಿನ ಕೋಲಣ್ಣ ತಂಗಿಯ ಮನೆಗೆ ಬಂದರು. ಗೋಡೆಯ ಮೇಲೆ ನೀರು ನಿಂತ ಕೆಸರುಗೆರೆ ಇತ್ತು. ಮೋರಿಯ ಮೇಲ್ಗಡೆಯ ಮನೆಗಳಲ್ಲೂ ಇತ್ತು. ನಿಂತ ನೀರು ಎಲ್ಲ ಕಡೆ ಒಂದೇ ಮಟ್ಟ. ಎರಡೂ ಕಡೆಯ ಗೆರೆಗಳನ್ನು ನಕಾಶೆಯ ಎತ್ತರಗಳಿಗೆ ಹೋಲಿಸಿದಾಗ ಮೋರಿಯ ಕೆಳಗೆ ಮಾತ್ರ ಒಂದೂಕಾಲು ಅಡಿ ಹೊಂದುತ್ತಿರಲಿಲ್ಲ. ಆ ಮೆಟ್ಟಿಲಿನ ಎತ್ತರ ಎಷ್ಟಿತ್ತೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

"ಸಾವಿನ ಮನೇಲಿ ಟೇಪ್ ಹಿಡ್ಕೊಂಡು ಗೋಡೆ ಅಳೀತಾ ಇದ್ದಾನೆ. ಅಣ್ಣನಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ," ಎನ್ನುತ್ತಾರೆ ಪುಟ್ಟಿ. "ಆಮೇಲೆ ಅಲ್ಲೇ ಕೆಸರಲ್ಲಿ ಕೂತು ಎಲ್ಲಾ ಹೇಳ್ದ. ಹೊರಗೆ ಹೋಗು ಅಂದೆ. ಬಾಗಿಲು ಹಾಕ್ಕೊಂಡೆ."

ಆ ಬಾಗಿಲು ಹದಿನಾಲ್ಕು ತಿಂಗಳು ತೆರೆಯಲಿಲ್ಲ. ಅಷ್ಟರಲ್ಲಿ ಕೋಲಣ್ಣ ತಮ್ಮ ತಪ್ಪನ್ನು ಬರೆದು ಇಲಾಖೆಯ ಕಚೇರಿಗೆ ಆರು ಅರ್ಜಿ ಕೊಟ್ಟರು. ಆರಕ್ಕೂ ಒಂದೇ ಉತ್ತರ: ಎರಡೂ ಅಳತೆಗಳು ತಾಳೆಯಾಗಿರುವುದರಿಂದ ಮರು ಅಳತೆಯ ಅಗತ್ಯ ಕಂಡುಬರುವುದಿಲ್ಲ. "ಸೊನ್ನೆ ವ್ಯತ್ಯಾಸ ಅಂತೆ! ಮೂವತ್ನಾಲ್ಕು ವರ್ಷದಲ್ಲಿ ನಾನು ಸೊನ್ನೆ ನೋಡಿಲ್ಲ. ಮೂರೋ ನಾಲ್ಕೋ ಮಿಲಿಮೀಟರ್ ಬಂದೇ ಬರುತ್ತೆ. ಸೊನ್ನೆ ಬಂತು ಅಂದ್ರೆ ಯಾರೂ ಹೋಗಿಲ್ಲ ಅಂತ್ಲೇ ಅರ್ಥ." ಮೇಜಿನ ಮೇಲೆ ಅಂಕಿ ತುಂಬಿದ ಸಾಹೇಬರು ಈಗ ಬದುಕಿಲ್ಲ, ಅವರಿಗೆ ಬಯ್ಯುವುದಕ್ಕೂ ಕೋಲಣ್ಣ ಒಪ್ಪುವುದಿಲ್ಲ. "ಅವ್ರು ಅಳೀಲಿಲ್ಲ, ಸರಿ. ಆಮೆ ಎತ್ತಿದ್ದು ನಾನು."

ಒಂದು ದಿನ ಪುಟ್ಟಿಯವರೇ ಅಣ್ಣನ ಮನೆಗೆ ಬಂದು, ಕೂರದೆ, ನಿಂತಲ್ಲೇ ಕೇಳಿದರಂತೆ: "ಇದನ್ನ ಸರಿ ಮಾಡೋದಕ್ಕೆ ಎಷ್ಟು ಜನ ಬೇಕು?" ಇಬ್ಬರು ಎಂದರು ಅಣ್ಣ. ಒಬ್ಬರು ನೋಡುವುದಕ್ಕೆ, ಒಬ್ಬರು ಹಿಡಿಯುವುದಕ್ಕೆ.

ಕ್ಷಮಿಸಿದ್ದೀರಾ ಎಂದು ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. "ಅದೆಲ್ಲ ಕೇಳ್ಬೇಡಿ," ಎಂದರು ಪುಟ್ಟಿ. "ಕೋಲು ಹಿಡ್ಕೊಂಡಿದ್ದೀನಿ, ಅಷ್ಟು ಬರ್ಕೊಳ್ಳಿ."

ಈಗ ಕಚೇರಿಯಲ್ಲಿ ಹೊಸ ಮೇಡಂ ಇದ್ದಾರೆ. ಏಳನೇ ಅರ್ಜಿಯನ್ನು ಅವರು ಪೂರ್ತಿ ಓದಿದರು. ಹೋಗುತ್ತ, ಬರುತ್ತ ಎರಡೂ ಅಳತೆ ತನ್ನಿ, ಹತ್ತು ಮಿಲಿಮೀಟರಿನೊಳಗೆ ತಾಳೆಯಾದರೆ ಈ ಮಳೆಗಾಲದ ಪಟ್ಟಿಯಲ್ಲಿ ಕೇರಿಯನ್ನು ಸೇರಿಸುತ್ತೇನೆ ಎಂದರು. ಪಟ್ಟಿ ಅಚ್ಚಿಗೆ ಹೋಗುವುದು ಶುಕ್ರವಾರ. ಎರಡು ಸಲ ಪ್ರಯತ್ನಿಸಿ ಕೆಟ್ಟಿದೆ: ಒಮ್ಮೆ ನಾಯಿ ಆಮೆಯನ್ನು ಉರುಳಿಸಿತು, ಒಮ್ಮೆ ಮುಕ್ಕಾಲಿಗೆ ಬೈಕು ತಾಗಿತು. ನಿನ್ನೆ ಹೋಗುವ ಅಳತೆ ಮುಗಿದಿದೆ. ಇವತ್ತು ಗುರುವಾರ, ಹಿಂದಿರುಗುವ ಅಳತೆ. ಇನ್ನೊಂದು ಬೆಳಗು ಉಳಿದಿಲ್ಲ.

ಕೇರಿಯವರೂ ಇವರ ಬೆನ್ನಿಗಿಲ್ಲ. ತಗ್ಗು ಎಂದು ಕಾಗದದಲ್ಲಿ ಬಂದರೆ ಮನೆಯ ಬೆಲೆ ಬಿದ್ದುಹೋಗುತ್ತದೆ ಎಂದು ಕಿಟಕಿಯಿಂದಲೇ ಗೊಣಗುತ್ತಾರೆ. ಹಲ್ಲುಜ್ಜುತ್ತ ನಿಂತಿದ್ದ ಒಬ್ಬರಂತೂ, "ಸತ್ತೋರು ವಾಪಸು ಬರ್ತಾರಾ?" ಎಂದು ಕೇಳಿಯೇಬಿಟ್ಟರು. ಪುಟ್ಟಿ ಕೋಲಿನಿಂದ ಕಣ್ಣು ಕೀಳಲಿಲ್ಲ. "ಇರೋರು ಇರ್ಲಿ ಅಂತ," ಎಂದರು.

ಏಳು ಗಂಟೆಯ ಹೊತ್ತಿಗೆ ಮೋರಿ ಬರುತ್ತದೆ. ಮೆಟ್ಟಿಲಿದ್ದ ಜಾಗದಲ್ಲಿ ಈಗ ಸಿಮೆಂಟಿನ ತೇಪೆ. ಪುಟ್ಟಿ ರಸ್ತೆಯ ಅಂಚಿಗೆ ಆಮೆಯನ್ನು ಒತ್ತಿ, ಕೋಲು ನಿಲ್ಲಿಸುತ್ತಾರೆ. ಅಣ್ಣ ಓದಿ, ದುರ್ಬೀನು ಹೆಗಲಿಗೇರಿಸಿ ಅವರನ್ನು ದಾಟಿ ಮುಂದೆ ನಡೆಯುತ್ತಾರೆ. ಹತ್ತು ಹೆಜ್ಜೆ ಹೋಗಿರಬಹುದು, ಇಟ್ಟಿಗೆ ತುಂಬಿದ ಲಾರಿಯೊಂದು ತಿರುವಿನಿಂದ ಬರುತ್ತದೆ. ಹಾರ್ನ್. ಪುಟ್ಟಿ ಕದಲುವುದಿಲ್ಲ. ಇನ್ನೊಂದು ಹಾರ್ನ್, ಈ ಸಲ ಉದ್ದಕ್ಕೆ. ನಾನು ಆಗಲೇ ಮೋರಿಯ ಆಚೆ ಹಾರಿಕೊಂಡಿದ್ದೇನೆ. ಕೋಲಣ್ಣ ತಿರುಗಿ ನೋಡಿ ಕೂಗುತ್ತಾರೆ.

"ಪುಟ್ಟಿ, ಬಿಡು! ಎತ್ತು! ಈ ಕಡೆ ಬಾ!"

ಪುಟ್ಟಿ ಎಡಗಾಲನ್ನು ಆಮೆಯ ಪಕ್ಕಕ್ಕೆ ಒತ್ತಿ ಇಟ್ಟು, ಕೋಲನ್ನು ಎದೆಗಪ್ಪಿಕೊಂಡು ನಿಂತಿದ್ದಾರೆ. ಲಾರಿ ಅವರಿಂದ ಎರಡು ಮಾರು ದೂರದಲ್ಲಿ ಕಿರುಗುಟ್ಟಿ ನಿಲ್ಲುತ್ತದೆ. ಡ್ರೈವರ್ ತಲೆ ಹೊರಹಾಕಿ ಬಾಯಿಗೆ ಬಂದಂತೆ ಬಯ್ಯುತ್ತಾನೆ. "ಸುತ್ತಾಕ್ಕೊಂಡು ಹೋಗಪ್ಪ," ಎನ್ನುತ್ತಾರೆ ಪುಟ್ಟಿ. "ಐದು ನಿಮಿಷ ನಾನು ಇಲ್ಲಿಂದ ಕದಲಲ್ಲ." ಅವನು ಗೊಣಗಿಕೊಂಡು ಹಿಂದೆ ತೆಗೆದು ಹೋಗುತ್ತಾನೆ. ದೂರದಲ್ಲಿ ಕೋಲಣ್ಣ ಮುಕ್ಕಾಲಿ ಊರುತ್ತಿದ್ದಾರೆ. ಅದು ಬೇಗ ಮಟ್ಟಕ್ಕೆ ಬರುವುದಿಲ್ಲ.

ಎಂಟಕ್ಕೆ ಹತ್ತು ನಿಮಿಷವಿರುವಾಗ ಊರ ಕಚೇರಿಯ ಮುಂದಿನ ಕಲ್ಲು ತಲುಪಿದರು. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಕೂಡಿ ಕಳೆದರು. ಎರಡು ಲೆಕ್ಕಕ್ಕೆ ವ್ಯತ್ಯಾಸ ನಾಲ್ಕು ಮಿಲಿಮೀಟರ್. ಕೆಳಗಿನ ಕೇರಿ ಕಾಗದ ಹೇಳುವುದಕ್ಕಿಂತ ಒಂದೂಕಾಲು ಅಡಿ ತಗ್ಗಿನಲ್ಲಿದೆ. ಇಬ್ಬರಲ್ಲಿ ಯಾರ ಮುಖದಲ್ಲೂ ಗೆದ್ದ ಕಳೆ ಇಲ್ಲ. ನನಗಂತೂ ಅತ್ತುಬಿಡಬೇಕೆನಿಸಿತು. ಕೋಲಣ್ಣ ಮೇಸ್ತ್ರಿಗೆ ದುರ್ಬೀನು ಕೊಟ್ಟು ಬರಲು ಓಡಿದರು.

ಹತ್ತೂವರೆಗೆ ಮೇಡಂ ಪುಸ್ತಕವನ್ನು ಎರಡು ಸಲ ತಾಳೆ ನೋಡಿ, ಪಟ್ಟಿಯ ಕೊನೆಯಲ್ಲಿ ನಲವತ್ತೆರಡು ಮನೆಗಳನ್ನು ಕೈಬರಹದಲ್ಲೇ ಸೇರಿಸಿದರು. ಕೋಲಣ್ಣನ ಮೇಲೆ ವಿಚಾರಣೆ ನಡೆಯುತ್ತದೆ, ಅದನ್ನು ತಪ್ಪಿಸಲು ತಮ್ಮಿಂದಾಗದು ಎಂದೂ ಹೇಳಿದರು. "ನಡೀಲಿ ಮೇಡಂ," ಎಂದರು ಕೋಲಣ್ಣ. "ಶಾಲೆ ಹತ್ರ ಇರೋ ಕಲ್ಲಿನ ಮೇಲೆ ಹಳೇ ಅಂಕಿ ಅಳಿಸಿ ಸರಿಯಾದ್ದು ಕೆತ್ತಿಸ್ಬಿಡಿ. ಇನ್ನೇನೂ ಬೇಡ."

ಪುಸ್ತಕದ ಹಾಳೆಯ ಕೆಳಗೆ 'ಕೋಲು ಹಿಡಿದವರು' ಎಂಬ ಸಾಲು ಇರುತ್ತದೆ. ಹದಿನಾಲ್ಕು ವರ್ಷದ ಹಿಂದಿನ ಹಾಳೆಯಲ್ಲಿ ಅಲ್ಲಿ ಕೋಲಣ್ಣನ ಸಹಿ ಇದೆ. ಮೇಡಂ ಹೊಸ ಹಾಳೆಯನ್ನು ಪುಟ್ಟಿಯವರ ಕಡೆ ತಿರುಗಿಸಿ ಪೆನ್ನು ಕೊಟ್ಟರು.

ಪುಟ್ಟಿ ಸಹಿ ಹಾಕಿದರು. ಪೆನ್ನು ವಾಪಸು ಕೊಡಲಿಲ್ಲ. "ಆಮೆ ವಿಷಯ ಎಲ್ಲಿ ಬರೀಬೇಕು?" ಎಂದು ಕೇಳಿದರು.

"ಅದನ್ನ ಯಾರೂ ಬರೆಯಲ್ಲಮ್ಮ," ಎಂದರು ಮೇಡಂ. "ಅದಕ್ಕೆ ಜಾಗ ಇಲ್ಲ."

ಪುಟ್ಟಿ ಅಣ್ಣನ ಕಡೆ ಒಮ್ಮೆ ನೋಡಿದರು. ಆಮೇಲೆ ಬಗ್ಗಿ, ತಮ್ಮ ಸಹಿಯ ಪಕ್ಕದ ಖಾಲಿ ಅಂಚಿನಲ್ಲಿ, ಬಟ್ಟೆಯ ಮೇಲೆ ಗುರುತು ಹಾಕುವಷ್ಟೇ ನಿಧಾನವಾಗಿ ಬರೆದರು: ಅಲುಗಿಸಿಲ್ಲ.