ಆಯಿ ಹಾಕದ ಬರೆ

ಆಗೆಲ್ಲ ನಮ್ಮ ಕಡೆ ಕಾಮಣಿ ಎಂದರೆ ದವಾಖಾನೆಯ ಮಾತಲ್ಲ, ಬರೆಯ ಮಾತು. ಕಣ್ಣು ಹಳದಿ ಕಂಡರೆ ಸಾಕು, ಓಣಿಯ ಯಾವಳೋ ಮುದುಕಿ ಬಳೆಯ ಚೂರನ್ನೋ ಅರಿಶಿನ ಕೊಂಬನ್ನೋ ಕೆಂಡದಲ್ಲಿ ಕಾಯಿಸಿ ಮುಂಗೈ ಮೇಲೆ ಚುರ್ ಎನಿಸುತ್ತಿದ್ದಳು. ಕೂಸು ಚೀರಿದರೆ ಬಾಯಿಗೆ ಬೆಲ್ಲದ ಚೂರು. ಇದನ್ನು ಓದುವ ನಿಮ್ಮಲ್ಲಿ ಎಷ್ಟೋ ಮಂದಿಯ ಕೈ ಮೇಲೆ ಆ ಗುರುತು ಇರಬೇಕು. ನನ್ನ ಎಡಗೈ ಮೇಲೆ ಇದೆ. ಹಾಕಿದವಳು ನಮ್ಮ ಆಯಿ, ಅಪ್ಪನ ತಾಯಿ.

ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ನಾನೀಗ ಡಾಕ್ಟರು. ನಮ್ಮ ಮನೆತನದಲ್ಲಿ ಪದವಿ ಕಂಡವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಬರೆ ಹಾಕಿದ ಕೂಸನ್ನು ನನ್ನ ಮುಂದೆ ತಂದರೆ ನನಗೂ ಸಿಟ್ಟು ಬರುತ್ತದೆ. ಆದರೆ ಇಷ್ಟು ವರ್ಷ ನನ್ನ ಎದೆಯಲ್ಲಿ ಉರಿಯುತ್ತಿರುವ ಸಿಟ್ಟು ಬೇರೆಯವರ ಮೇಲಿನದು.

ನಮ್ಮೂರು ಮೇಡ್ಲೇರಿಯ ಆಚೆ, ಕಾಲುವೆಯ ದಂಡೆಗೆ. ನಾನು ಐದನೆಯ ಇಯತ್ತೆಯಲ್ಲಿದ್ದೆ. ಆ ವರ್ಷ ಮಳೆ ಹದವಾಗಿ ಆಗಿ, ಬದುವಿನ ಹುಲ್ಲು ನನ್ನ ಎದೆಯುದ್ದ ಬೆಳೆದಿತ್ತು. ಅವ್ವ ಎಮ್ಮೆಗಾಗಿ ದಿನಾ ಹುಲ್ಲು ಕೊಯ್ದು ತರುತ್ತಿದ್ದಳು. ಹೊರೆ ಇಳಿಸಿ ನಿಂತಾಗ ಅವಳ ಮೈಯಿಂದ ಹಸಿ ಹುಲ್ಲಿನ, ಬೆವರಿನ ವಾಸನೆ ಬರುತ್ತಿತ್ತು. ಸೀರೆಗೆ ಅಂಟಿದ ಮುಳ್ಳುಕಾಯಿಗಳನ್ನು ಕಿತ್ತು ನಾನು ಗೆಳತಿಯರ ಜಡೆಗೆ ಎಸೆಯುತ್ತಿದ್ದೆ. ಅದೇ ನಮ್ಮ ಆಟ.

ಸೀಗಿ ಹುಣ್ಣಿಮೆಗೆ ಎಲ್ಲರೂ ಹೊಲಕ್ಕೆ ಹೋದೆವು. ಬುಟ್ಟಿಯ ತುಂಬ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಕಡಬು, ಮೊಸರನ್ನ. ಅಡುಗೆಯನ್ನು ಬೆಳೆಯ ಮೇಲೆ ಎರಚಿ ಚರಗ ಚೆಲ್ಲುವ ಮೊದಲೇ ಅಪ್ಪ ಒಂದು ಕಡಬು ಬಾಯಿಗೆ ಹಾಕಿಕೊಂಡ.

"ಮೊದಲ ಭೂಮ್ತಾಯಿಗೆ ಕೊಡಪಾ, ಆಮ್ಯಾಲ ನಿನ್ನ ಹೊಟ್ಟಿಗೆ," ಎಂದಳು ಆಯಿ.

"ಭೂಮ್ತಾಯಿಗೆ ಒಂದ ತುತ್ತು ಸಾಕ್ರಿ ಅತ್ತಿ. ನಿಮ್ಮ ಮಗನ ಹೊಟ್ಟಿ ಅಕೀಗಿಂತ ದೊಡ್ಡದೈತಿ," ಎಂದಳು ಅವ್ವ.

ಆಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅತ್ತೆ-ಸೊಸೆ ಎಂದರೆ ಜಗಳ ಎನ್ನುವವರಿಗೆ ನಮ್ಮ ಮನೆ ತೋರಿಸಬೇಕಿತ್ತು. ಅವ್ವನ ಬಾಯಿ ಜೋರು, ಆಯಿಗೆ ಆ ಬಾಯಿಯೇ ಇಷ್ಟ.

ಹುಣ್ಣಿಮೆ ಕಳೆದು ಒಂದು ವಾರವೂ ಆಗಿರಲಿಲ್ಲ, ಅವ್ವನಿಗೆ ಜ್ವರ ಹತ್ತಿತು. ತಲೆ ಸಿಡಿಯುತ್ತದೆ ಎಂದು ಹಣೆಗೆ ಅರಿವೆ ಬಿಗಿದು ಮಲಗಿದಳು. ಊರಿಗೆ ಸೈಕಲ್ ಮೋಟಾರಿನ ಮೇಲೆ ಬರುತ್ತಿದ್ದ ಡಾಕ್ಟರು ಸೂಜಿ ಚುಚ್ಚಿದರು, ಇಳಿಯಲಿಲ್ಲ. ಕಣ್ಣು ಹಳದಿಯಾಯಿತು. ಆಯಿ ಹಾಸಿಗೆಯ ಪಕ್ಕ ಕೂತು ಮೆಲ್ಲಗೆ ಕೇಳಿದಳು:

"ಗಂಗವ್ವಾ, ಕಾಮಣಿ ಆಗಿರಬೇಕು. ಒಂದ ಸಣ್ಣ ಬರಿ ಕೊಡ್ಲೇನ?"

"ಅತ್ತಿ, ಕೆಂಡ ಮುಟ್ಟಿದ್ರ ನೋಡ್ರಿ, ಅದನ್ನ ನಿಮ್ಮ ಉಡಿಯಾಗ ಸುರೀತೇನಿ."

"ಅಯ್ಯ ನಮ್ಮವ್ವ! ಇಷ್ಟ ಮಾತಾಡಾಕ ಶಕ್ತಿ ಐತೆಂದ್ರ ಸಾಯೂದಿಲ್ಲ ಬಿಡು. ನಡಿ ಹಂಗಾರ, ದವಾಖಾನಿಗಿ ಹೋಗೂಣು."

ಹೀಗೆ ನಮ್ಮ ಮನೆಯಲ್ಲಿ ಬರೆ ಬೇಡವೆಂದಾಯಿತು, ದವಾಖಾನೆ ಬೇಕೆಂದಾಯಿತು. ಓದು ಬರಹ ಇಲ್ಲದ ಇಬ್ಬರು ಹೆಂಗಸರು ಮಾಡಿದ ತೀರ್ಮಾನ ಅದು. ಸರಿಯಾದ ತೀರ್ಮಾನ.

ರಾಣೇಬೆನ್ನೂರಿನ ಒಂದು ದವಾಖಾನೆಗೆ ಹೋದೆವು, ಹೆಸರು ಬೇಡ. ಅವ್ವನ ಸೆರಗು ಬಿಡದೆ ನಾನೂ ಹೋದೆ. ಫಿನಾಯಿಲ್ ವಾಸನೆಯ ಉದ್ದ ಕೋಣೆ, ಕಬ್ಬಿಣದ ಮಂಚ. ಸಲಾಯಿನ್ ಏರಿಸಿದರು. ದೊಡ್ಡ ಡಾಕ್ಟರು ಬೆಳಿಗ್ಗೆ ನಾಲ್ಕೈದು ಜನರ ಹಿಂಡು ಕಟ್ಟಿಕೊಂಡು ಬಂದರು. ಅಪ್ಪ ಔಷಧ ತರಲು ಕೆಳಗೆ ಹೋಗಿದ್ದ. ಹೊಟ್ಟೆ ಒತ್ತಿ ನೋಡಲು ನರ್ಸಕ್ಕ ಅವ್ವನ ಸೀರೆಯ ಗಂಟು ಸಡಿಲಿಸಿದಳು. ಸೊಂಟದ ಹತ್ತಿರ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಒಂದು ಕಪ್ಪು ಹಕ್ಕಳೆ ಕಂಡಿತು. ಸುತ್ತ ಕೆಂಪು. ನಾವು ಯಾರೂ ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಅವ್ವನಿಗೇ ಗೊತ್ತಿರಲಿಲ್ಲ.

"ಬರಿ ಹಾಕಿಸ್ಕೊಂಡ ಬಂದೀಯೇನು?" ಡಾಕ್ಟರು ಕೇಳಿದರು.

"ಇಲ್ರಿ," ಎಂದಳು ಅವ್ವ.

"ಮತ್ತ ಇದೇನು, ಹೂವೇನು?"

ಹಿಂಡಿನಲ್ಲಿದ್ದವರು ನಕ್ಕರು. ಅಷ್ಟರಲ್ಲಿ ಡಾಕ್ಟರ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಎಡಗೈ ಹಿಡಿದು ಎತ್ತಿ ಎಲ್ಲರಿಗೂ ತೋರಿಸಿದರು.

"ಈ ಹುಡುಗಿಗೆ ಯಾರು ಹಾಕಿದ್ದು?"

"ನಾನ್ರಿ," ಎಂದಳು ಆಯಿ. "ಸಣ್ಣ ಕೂಸಿದ್ದಾಗ್ರಿ. ಕಾಮಣಿ ಆಗಿತ್ರಿ."

"ಅದನ್ನೂ ನೀನ ಹಾಕೀದಿ ಹಂಗಾರ."

"ಇಲ್ರೀ ಸಾಹೇಬ್ರ, ದೇವ್ರಾಣಿ ಮಾಡಿ ಹೇಳ್ತೇನಿ."

"ಮಂದೀನ ಸುಟ್ಟು ಅರ್ಧ ಜೀವ ಮಾಡಿ ತಂದು ನಮ್ಮ ಮ್ಯಾಲ ಹಾಕ್ತೀರಿ. ಆಮ್ಯಾಲ ಸುಳ್ಳ ಬ್ಯಾರೆ. ಖರೇ ಹೇಳಿದ್ರ ಇಲ್ಲಿ ಇಟ್ಕೋತೇನಿ. ಇಲ್ಲಂದ್ರ ಎತ್ಕೊಂಡ ನಡೀರಿ."

ಆಯಿ ಅವ್ವನ ಮುಖ ನೋಡಿದಳು, ಮೇಲೆ ತೂಗುತ್ತಿದ್ದ ಸಲಾಯಿನ್ ಬಾಟಲಿ ನೋಡಿದಳು. ಎರಡೂ ಕೈ ಜೋಡಿಸಿದಳು.

"ಹೂಂ ರೀ. ನಾನ ಹಾಕೇನಿ. ತಪ್ಪಾತ್ರಿ. ಸೊಸಿನ್ನ ಉಳಸ್ರಿ."

"ಇದನ್ನ ಮೊದಲ ಹೇಳಿದ್ರ ಇಷ್ಟ ಹೊತ್ತು ಹಿಡೀತಿತ್ತೇನು?" ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಅವರು ಹೋದ ಮೇಲೆ ಅವ್ವ ಕೇಳಿದಳು: "ಅತ್ತಿ, ಮಾಡದ ಕೆಲಸಕ್ಕ ಯಾಕ್ರಿ ಹೂಂ ಅಂದ್ರಿ?"

"ಸುಮ್ನ ಮಲಗವಾ. ಬೈದ್ರ ಬೈಲಿ, ಬೈಗುಳ ಏನ ಮೈಗೆ ಹತ್ಕೋತೈತೇನು? ಔಷಧ ಕೊಡ್ತಾರಲ್ಲ, ಅಷ್ಟ ಸಾಕು."

ಇದು ನಮ್ಮಂಥವರು ಮಾತ್ರ ಮಾಡುವ ತಪ್ಪು. ದೊಡ್ಡವರು ಸಿಟ್ಟಾದರೆ ತಪ್ಪು ಒಪ್ಪಿಕೊಂಡುಬಿಡುವುದು, ಮಾಡಿದ್ದರೂ ಸರಿ, ಮಾಡದಿದ್ದರೂ ಸರಿ. ಒಪ್ಪಿಕೊಂಡರೆ ಕೆಲಸ ಆಗುತ್ತದೆ. ಕಚೇರಿಯಲ್ಲಿ ಹಾಗೆ, ಸಾಲೆಯಲ್ಲಿ ಹಾಗೆ, ಗೌಡರ ಅಂಗಳದಲ್ಲಿ ಹಾಗೆ. ದವಾಖಾನೆಯಲ್ಲಿ ಮಾಡದ ತಪ್ಪು ಒಪ್ಪಿಕೊಂಡರೆ ಜೀವ ಹೋಗುತ್ತದೆ ಎಂದು ಆಯಿಗೆ ಯಾರು ಹೇಳಿಕೊಟ್ಟಿದ್ದರು?

ಆ ಕಪ್ಪು ಗಾಯಕ್ಕೆ ಅವತ್ತಿನಿಂದ ಸುಟ್ಟ ಗಾಯದ ಮುಲಾಮು ಹಚ್ಚಿದರು. ಕಾಮಣಿಗೆ ಔಷಧ, ಗಾಯದ ನಂಜಿಗೆ ಸೂಜಿ. ಜ್ವರ ಇಳಿಯಲೇ ಇಲ್ಲ. ನರ್ಸಕ್ಕಂದಿರು ಆಯಿಯನ್ನು ಕಂಡಾಗಲೆಲ್ಲ "ಬರಿ ಹಾಕೋ ಮುದುಕಿ" ಎನ್ನುತ್ತಿದ್ದರು. ಆಯಿ ನಗುತ್ತಿದ್ದಳು, ಎಲ್ಲಿ ಔಷಧ ನಿಲ್ಲಿಸುತ್ತಾರೋ ಎಂದು. ಕೊನೆಗೆ ಅವ್ವನಿಗೆ ಉಸಿರು ಸಾಲದಾಯಿತು. ಎರಡು ಮಾತಾಡಿದರೆ ಮೂರನೆಯದಕ್ಕೆ ಗಾಳಿ ಇರುತ್ತಿರಲಿಲ್ಲ. ಆಗ ಹಾವೇರಿಗೆ ಒಯ್ಯಿರಿ ಎಂದರು.

ಹಾವೇರಿಯ ದವಾಖಾನೆಯಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಇದ್ದರು. ಮೂಗಿಗೆ ಆಕ್ಸಿಜನ್ ಹಚ್ಚಿಸಿ, ಅವ್ವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಸೊಂಟದ ಹತ್ತಿರ ಬಂದು ನಿಂತರು.

"ಇದು ಬರಿ ಅಂತ ಹೇಳ್ಯಾರ. ಯಾವುದ್ರಲೆ ಹಾಕಿದ್ರಿ ಆಯಿ?"

"ಬಳಿ ಚೂರಲೆರಿ," ಎಂದಳು ಆಯಿ. ಒಮ್ಮೆ ಒಪ್ಪಿದ್ದನ್ನು ಬಿಡಲು ಅವಳಿಗೆ ಹೆದರಿಕೆ.

ನನಗೆ ತಡೆಯಲಾಗಲಿಲ್ಲ. "ಸುಳ್ಳರಿ! ಆಯಿ ಹಾಕೇ ಇಲ್ರಿ. ಅಲ್ಲಿ ಡಾಕ್ಟರ್ ಹೊರಗ ಹಾಕ್ತೇನಿ ಅಂದ್ರು ಅಂತ ಹೂಂ ಅಂದಾಳ್ರಿ!"

ಆಯಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರಮ್ಮ ಆ ಕೈ ಸರಿಸಿದರು, ಬೈಯಲಿಲ್ಲ. ಗಾಯವನ್ನು ಬೆರಳಿನಿಂದ ಒತ್ತಿದರು.

"ನೋವಾಗ್ತೈತೇನ್ರಿ ಗಂಗವ್ವಾ?"

ಅವ್ವ ಇಲ್ಲವೆಂದು ತಲೆಯಾಡಿಸಿದಳು.

"ಸುಟ್ಟದ್ದಾಗಿದ್ರ ಮುಟ್ಟಗೊಡ್ತಿದ್ದಿಲ್ಲ," ಎಂದು ಅಪ್ಪನ ಕಡೆ ತಿರುಗಿದರು. "ಹುಲ್ಲು ಕೊಯ್ಯಾಕ ಹೋಗ್ತಿದ್ರೇನು?"

"ದಿನಾ ಹೋಗ್ತಿದ್ಲುರಿ."

"ಹುಲ್ಲಿನಾಗ ಕಣ್ಣಿಗೆ ಕಾಣದಷ್ಟ ಸಣ್ಣ ಹುಳ ಇರ್ತಾವ್ರಿ. ಕಡದದ್ದು ಗೊತ್ತಾಗೂದಿಲ್ಲ. ಇದು ಅದರ ಗುರುತು. ರಕ್ತ ಕಳಸ್ತೇನಿ, ಆದ್ರ ಅದು ಬರೂತನಾ ಕಾಯೂದಿಲ್ಲ, ಈಗ ಔಷಧ ಚಾಲೂ ಮಾಡ್ತೇನಿ. ಮೊದಲ ಕೊಟ್ಟಿದ್ರ..."

ಔಷಧ ಕೊಟ್ಟರು, ಗಂಟಲಿಗೆ ನಳಿಗೆ ಇಳಿಸಿದರು, ಮಂಚ ಬಿಟ್ಟು ಸರಿಯಲಿಲ್ಲ. ಆದರೆ ಅವ್ವನ ಪುಪ್ಪುಸ ಅಷ್ಟರಲ್ಲಿ ಕೆಟ್ಟುಹೋಗಿತ್ತು. ಮರುದಿನ ಮಧ್ಯಾಹ್ನ ಹೋದಳು.

ಬ್ಯಾಡಗಿ ಕಡೆಯ ಕದರಮಂಡಲಗಿ ಅವ್ವನ ತವರು. ಅಲ್ಲಿಂದ ಸೋದರಮಾವ ಬಂದ. ಹೆಣಕ್ಕೆ ಕೈ ಮುಗಿಯುವ ಮೊದಲೇ ಆಯಿಯ ಎದುರು ನಿಂತ.

"ನಮ್ಮ ತಂಗೀನ ಸುಟ್ಟು ತಿಂದ್ಯಲ್ಲ, ಮುದುಕಿ."

ಅಪ್ಪ ನಡುವೆ ಬಂದ. "ಬರಿ ಅಲ್ಲೋ ಮಾರಾಯಾ. ಹುಳ ಕಡದದ್ದಂತ. ಹಾವೇರಿ ಡಾಕ್ಟರಮ್ಮ ಹೇಳ್ಯಾರ."

"ನಿಮ್ಮವ್ವ ತಾನ ಬಾಯಿಬಿಟ್ಟು ಒಪ್ಪ್ಯಾಳಂತ, ಇಡೀ ದವಾಖಾನಿ ಕೇಳೇತಿ. ಮಾಡದಿದ್ರ ಯಾರರ ಒಪ್ಕೋತಾರೇನು?"

ಮಾವ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅದುವರೆಗೆ ಊರಿನಲ್ಲಿ ಹಡೆದ ಮನೆಗಳವರೆಲ್ಲ ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಆಯಿಯನ್ನೇ ಕರೆಯುತ್ತಿದ್ದರು. ಆಮೇಲೆ ಯಾರೂ ಕರೆಯಲಿಲ್ಲ. ಹಾದಿಯಲ್ಲಿ ಆಯಿ ಎದುರಾದರೆ ಬಗಲಲ್ಲಿದ್ದ ಕೂಸನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದರು.

ಎಂಬಿಬಿಎಸ್ ಓದುವಾಗ ಒಂದು ದಿನ ಪಾಠದಲ್ಲಿ ಸ್ಕ್ರಬ್ ಟೈಫಸ್ ಬಂತು, ಅದೇ ಹುಲ್ಲಿನ ಹುಳದ ಜ್ವರ. ಪರದೆಯ ಮೇಲೆ ಗಾಯದ ಚಿತ್ರ ಹಾಕಿದರು: ಕಪ್ಪು ಹಕ್ಕಳೆ, ಸುತ್ತ ಕೆಂಪು. ನೋಡಿದರೆ ಸುಟ್ಟ ಗಾಯ ಅನಿಸುತ್ತದೆ, ಮೋಸ ಹೋಗಬೇಡಿ, ಬಟ್ಟೆ ಬಿಗಿಯುವ ಕಡೆ ಹುಡುಕಿ, ಎಂದರು ಮೇಷ್ಟ್ರು. ನಾನು ಎದ್ದು ಹೊರಗೆ ಹೋದೆ. ಇಷ್ಟು ಸರಳವಾಗಿ ಪುಸ್ತಕದಲ್ಲೇ ಬರೆದಿತ್ತು. ರಾಣೇಬೆನ್ನೂರಿನ ಆ ಡಾಕ್ಟರಿಗೆ ಗಾಯ ಕಾಣದಿದ್ದರೆ ನಾನು ಎಂದೋ ಕ್ಷಮಿಸುತ್ತಿದ್ದೆ. ಅವರಿಗೆ ಕಂಡಿತ್ತು. ಮುಟ್ಟಿ ನೋವಾಗುತ್ತದೆಯೇ ಎಂದು ಕೇಳಿದ್ದರೆ ಸಾಕಿತ್ತು. ಹಳ್ಳಿಯವರೆಂದರೆ ಹೀಗೆಯೇ ಎಂಬ ಉತ್ತರ ಅವರ ಜೇಬಿನಲ್ಲಿ ಮೊದಲೇ ತಯಾರಿತ್ತು, ಅದಕ್ಕೆ ಹೊಂದುವ ಮಾತನ್ನು ಒಬ್ಬ ಮುದುಕಿಯ ಬಾಯಿಂದ ಹಿಂಡಿ ತೆಗೆದರು.

ಆ ರಜೆಗೆ ಊರಿಗೆ ಹೋಗಿ ಆಯಿಯ ಮುಂದೆ ಪುಸ್ತಕ ಬಿಚ್ಚಿ ಚಿತ್ರ ತೋರಿಸಿದೆ.

"ನೋಡ ಆಯಿ, ಇದ ಅವ್ವನ ಗಾಯ. ನೀ ಸುಟ್ಟಿಲ್ಲಂತ ಪುಸ್ತಕದಾಗ ಐತಿ."

"ನಾ ಸುಟ್ಟಿಲ್ಲಂತ ನನಗ ಗೊತ್ತಿಲ್ಲೇನ, ಹುಚ್ಚಿ," ಎಂದಳು. ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದಳು. "ಹೂಂ ಅಂದಾಕಿ ನಾನ ಅಲ್ಲೇನ? ಅದು ನಿನ್ನ ಪುಸ್ತಕದಾಗ ಐತೇನ?"

ಆಯಿ ತೀರಿಕೊಂಡು ಬಹಳ ಕಾಲವಾಯಿತು. ಹೊಲಕ್ಕೆ ಬುಟ್ಟಿ ಹೊತ್ತು ಹೋಗಿ ಅತ್ತೆಯನ್ನು ನಗಿಸುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ಅಪ್ಪ ಒಬ್ಬನೇ ಹೋಗಿ ಚರಗ ಚೆಲ್ಲಿ ಬರುತ್ತಾನೆ. ಅವ್ವನ ತವರಿನ ಬಳಗ ಇದ್ದೂ ಇಲ್ಲ. ನನ್ನ ವಾರ್ಡಿಗೆ ಮೇಡ್ಲೇರಿ, ಕುಪ್ಪೇಲೂರು ಕಡೆಯ ಹೆಂಗಸರು ಜ್ವರ ಹೊತ್ತು ಬರುತ್ತಾರೆ. ಏನಾಗ್ತೈತಿ ಹೇಳ್ರಿ ಎಂದರೆ ಮೊದಲು ನನ್ನ ಮುಖ ನೋಡುತ್ತಾರೆ, ನಾನು ಯಾವ ಉತ್ತರ ಬಯಸುತ್ತೇನೆ ಎಂದು. ಆ ನೋಟ ಕಂಡಾಗಲೆಲ್ಲ ನನ್ನ ಮೈ ಉರಿಯುತ್ತದೆ.

ರಾಣೇಬೆನ್ನೂರಿನ ಆ ಡಾಕ್ಟರು ಈಗಲೂ ಇದ್ದಾರಂತೆ, ಹೆಸರೂ ಮಾಡಿದ್ದಾರಂತೆ. ಅವರಿಗೆ ನಾವು ನೆನಪಿರಲಿಕ್ಕಿಲ್ಲ. ನೆನಪಿದ್ದರೂ, ಅವರ ನೆನಪಿನಲ್ಲಿ ಇವತ್ತಿಗೂ ಇರುವುದು ಸೊಸೆಯನ್ನು ಸುಟ್ಟು ಕೊಂದ ಒಬ್ಬ ಹಳ್ಳಿ ಮುದುಕಿ.