ಕೀಮ್ಯಾನ್ ಬೋರಣ್ಣ ಮತ್ತು ನಾನು ಓಡದ ಐದು ಕಿಲೋಮೀಟರ್

ಬೋರಣ್ಣ ಮನುಷ್ಯರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಹನಕೆರೆ ಸ್ಟೇಷನ್ನಿನ ಆಚೀಚೆ ರೈಲ್ವೆ ಹಳಿಯ ಮೇಲೆ ಮೂವತ್ತು ವರ್ಷ ತಲೆ ತಗ್ಗಿಸಿ ನಡೆದವನು. ಕೀಮ್ಯಾನ್ ಕೆಲಸವೇ ಅದು: ಹೆಗಲ ಮೇಲೊಂದು ಸುತ್ತಿಗೆ, ಕಂಕುಳಲ್ಲಿ ಸುತ್ತಿಟ್ಟ ಕೆಂಪು ಬಾವುಟ, ಹಳಿ ಹಿಡಿದ ಕ್ಲಿಪ್ಪು ಎಲ್ಲಾದರೂ ಸಡಿಲವಾಗಿದ್ದರೆ ಅದಕ್ಕೊಂದು ಏಟು ಕೊಟ್ಟು ಮುಂದಕ್ಕೆ ಹೋಗುವುದು. ಆ ಅಭ್ಯಾಸಕ್ಕೆ ಊರೊಳಗೂ ಅವನ ಕಣ್ಣು ನೆಲ ಬಿಟ್ಟು ಏಳುತ್ತಿರಲಿಲ್ಲ. ಟೀ ಅಂಗಡಿಯಲ್ಲಿ ಯಾರಾದರೂ ಪಕ್ಕ ಬಂದು ಕೂತರೆ ಪಾದ ನೋಡಿಯೇ, "ಏನ್ ನಿಂಗೇಗೌಡ್ರೇ, ಮಂಡಿ ನೋವು ಇನ್ನೂ ವಾಸಿಯಾಗ್ನಿಲ್ವಾ?" ಅನ್ನುತ್ತಿದ್ದ.

ನನ್ನ ಕಾಲನ್ನೂ ಮೊದಲು ನೋಡಿದವನು ಅವನೇ. ಪಿಯುಸಿ ಓದುತ್ತಿದ್ದಾಗ ಒಂದು ಬೆಳಗ್ಗೆ ಪ್ಯಾಸೆಂಜರ್ ರೈಲು ತಪ್ಪಿತು. ಪರೀಕ್ಷೆ ಇತ್ತು. ಬಸ್ಸಿಗೆ ಕಾಯುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ಹಳಿ ಪಕ್ಕದ ಕಾಲುದಾರಿಯಲ್ಲಿ ಮಂಡ್ಯದ ಕಡೆ ಓಡಿದೆ.

"ಯಾರ್ಲಾ ಅದು, ಎಡಗಾಲ್ ಎಳ್ಕಂಡ್ ಓಡೋನು?"

"ರೈಲ್ ಒಂಟೋಯ್ತು ಕಣಣ್ಣ. ಕಾಲೇಜಿಗೆ ಓಯ್ತಾ ಇವ್ನಿ."

"ಮಂಡ್ಯಕ್ಕಾ? ಓಡ್ಕಂಡಾ?" ಅಂದ. ನನ್ನ ಚಪ್ಪಲಿ ನೋಡಿದ. "ನಾಳೇನೂ ರೈಲ್ ತಪ್ಪುಸ್ಕೋ. ನೋಡವ."

ಮಾರನೇ ದಿನವೂ ತಪ್ಪಿಸಿಕೊಂಡೆ. ನನ್ನ ಓಟ ಶುರುವಾದದ್ದು ಹಾಗೆ.

ಬೋರಣ್ಣ ಜನ್ಮದಲ್ಲಿ ಒಂದು ಓಟ ಓಡಿದವನಲ್ಲ. ಉಸಿರು ಹೇಗೆ ಬಿಡಬೇಕು, ಏನು ತಿನ್ನಬೇಕು ಎಂದು ಒಂದು ದಿನ ಹೇಳಿಕೊಟ್ಟವನೂ ಅಲ್ಲ. ಅವನಿಗೆ ಗೊತ್ತಿದ್ದದ್ದು ದೂರ ಒಂದೇ. ಹಳಿ ಪಕ್ಕದ ಕಿಲೋಮೀಟರ್ ಕಲ್ಲುಗಳನ್ನು ಮನೆ ದನಗಳಂತೆ ಬಲ್ಲವನು. "ರಸ್ತೆ ಕಲ್ನ ನಂಬ್ಬೇಡ ಕಣ್ಲಾ. ರಸ್ತೆ ಅಗಲ ಮಾಡ್ದಾಗೆಲ್ಲ ಕಿತ್ತು ಎಲ್ಲೆಲ್ಲೋ ನೆಟ್ಟವ್ರೆ. ರೈಲ್ವೆ ಕಲ್ಲು ಇದ್ದಲ್ಲೇ ಇರ್ತದೆ," ಅನ್ನುತ್ತಿದ್ದ. ನಾನು ಮದ್ದೂರಿನ ಕಡೆ ಹೋಗಿ ತಿರುಗಿ ಬರುವಾಗ, ಹೇಳಿದ ಕಲ್ಲಿನವರೆಗೂ ಹೋಗಿದ್ದೇನೋ ಇಲ್ಲವೋ ಎಂದು ಅವನು ಕೇಳುತ್ತಿರಲಿಲ್ಲ. ಬೂಟಿಗೆ ಮೆತ್ತಿದ ಮಣ್ಣಿನ ಬಣ್ಣ ನೋಡುತ್ತಿದ್ದ. ಹಾಳಾದ ಆ ಕಣ್ಣಿಗೆ ಒಂದು ದಿನವೂ ಮೋಸ ಮಾಡಲು ಆಗಲಿಲ್ಲ.

ಮಳವಳ್ಳಿಯಲ್ಲಿ ಒಂದು ಸಲ ಹತ್ತು ಕಿಲೋಮೀಟರ್ ಓಟ ಇಟ್ಟಿದ್ದರು. ಹಲಗೂರು ರಸ್ತೆಯಲ್ಲಿ ಹೋಗಿ ವಾಪಸು ಬರಬೇಕು. ಬೋರಣ್ಣ ಹಿಂದಿನ ದಿನವೇ ರಜ ಹಾಕಿ ಬಸ್ಸಿನಲ್ಲಿ ಹೋಗಿ, ಆ ದಾರಿಯನ್ನು ಪೂರಾ ನಡೆದು ಹೆಜ್ಜೆ ಎಣಿಸಿ ಬಂದಿದ್ದ. ಮುನ್ನೂರು ಮೀಟರ್ ಕಮ್ಮಿ ಇದೆ ಎಂದು ಓಟ ನಡೆಸುವವರ ಹತ್ತಿರ ಹೋಗಿ ಜಗಳ ಕಾದ. ಯಾರು ಕೇಳುತ್ತಾರೆ? ನಾನು ಮೊದಲನೆಯವನಾಗಿ ಬಂದೆ. ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ, ಯಾರೋ ಹಾರ ತರುತ್ತಿದ್ದಾರೆ, ಈ ಮಾರಾಯ ಬಂದು ನನ್ನ ರಟ್ಟೆ ಹಿಡಿದ.

"ಓಟ ಇನ್ನೂ ಮುಗುದಿಲ್ಲ ಕಣ್ಲಾ. ಆ ಹುಣಸೆ ಮರ ಮುಟ್ಕಂಡ್ ಬಾ, ಮುನ್ನೂರ್ ಮೀಟ್ರು ಸರೋಯ್ತದೆ."

"ಬುಡಣ್ಣ, ಜನ ನಗ್ತಾವ್ರೆ."

"ನಗ್ಲಿ. ಓಗ್ಲಾ."

ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದುಕೊಂಡು ಓಡಿದೆ. ಹುಣಸೆ ಮರ ಮುಟ್ಟಿ ಬಂದ ಮೇಲೆಯೇ ಕೊರಳಿಗೆ ಹಾರ ಹಾಕಿಸಿಕೊಳ್ಳಲು ಬಿಟ್ಟ. ವಾಪಸು ಬರುವಾಗ ಮದ್ದೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಕೊಡಿಸಿ ಅವನೇ ಬಾಯಿಬಿಟ್ಟ. "ನೋಡ್ಲಾ, ನನ್ ಪಾಲಿನ್ ಹಳಿ ಬೀಟಲ್ಲಿ ಮುನ್ನೂರ್ ಮೀಟ್ರು ನಡೀದೆ ಬುಟ್ಬುಟ್ಟು ಬಂದು, ನಾ ಡ್ಯೂಟಿ ಮಾಡ್ದೆ ಅಂತ ಸೈನ್ ಆಕಕಾಯ್ತದಾ? ಆ ಮುನ್ನೂರ್ ಮೀಟ್ರಲ್ಲೇ ಹಳಿ ಬುಟ್ಕಂಡಿದ್ರೆ?" ನಾನು ಎಳನೀರು ಕುಡಿದೆ. ಸಿಟ್ಟು ಮಾತ್ರ ಮನೆ ಸೇರುವವರೆಗೂ ಇಳಿಯಲಿಲ್ಲ.

ಅದಾಗಿ ಒಂಬತ್ತು ವರ್ಷಕ್ಕೆ ಏಷ್ಯಾ ಮಟ್ಟದ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ಪಿನ ಗಂಡಸರ ಮ್ಯಾರಥಾನಿಗೆ, ನಲವತ್ತೆರಡು ಕಿಲೋಮೀಟರಿನ ಓಟಕ್ಕೆ, ನಾನು ಆಯ್ಕೆಯಾದೆ. ಕೊಲ್ಲಿ ದೇಶದ ಒಂದು ಊರು. ಬೆಳಕು ಹರಿಯುವ ಹೊತ್ತಿಗೇ ಓಟ ಶುರು ಮಾಡಿದರೂ ಆ ಸೆಕೆ ಸೆಕೆಯೇ. ಅರ್ಧ ದಾರಿಯವರೆಗೆ ಗುಂಪಿನಲ್ಲಿದ್ದೆ, ಮೂವತ್ತನೇ ಕಿಲೋಮೀಟರಿಗೆ ಒಬ್ಬನೇ ಆದೆ. ಮೂವತ್ತೇಳನೇ ಕಿಲೋಮೀಟರಿನಲ್ಲಿ ನೀರಿನ ಮೇಜು ದಾಟಿ, ರಸ್ತೆಯ ಅಂಚುಗಲ್ಲಿನ ಮೇಲೆ ಕೂತುಬಿಟ್ಟೆ. ಕಾಲು ನೋಯುತ್ತಿರಲಿಲ್ಲ. ಉಸಿರು ಸರಿಯಾಗಿಯೇ ಇತ್ತು. ಗೆಲ್ಲಬೇಕು, ಮುಗಿಸಬೇಕು, ಮನೆಗೆ ಹೋಗಬೇಕು, ಒಂದೂ ಅನ್ನಿಸಲಿಲ್ಲ. ಇಬ್ಬರು ನನ್ನನ್ನು ದಾಟಿ ಹೋದರು. ನೋಡುತ್ತಿದ್ದೆ. ಆಮೇಲೆ ಬಿಟ್ಟವರನ್ನು ಎತ್ತಿಕೊಂಡು ಹೋಗುವ ವ್ಯಾನು ಬಂತು, ಹತ್ತಿದೆ. ನೋವಾಗಿ ನಿಂತಿದ್ದರೆ ಹೇಳಿಕೊಳ್ಳಬಹುದಿತ್ತು. ಏನೂ ಆಗದೆ ಕೂತವನು ಯಾರಿಗೆ ಏನು ಹೇಳಲಿ? ಓಟ ಬಿಟ್ಟೆ ಎಂದು ತಂಡದ ಕೋಚಿಗೆ ಗೊತ್ತಿತ್ತು. ಸುಮ್ಮನೆ ಕೂತದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಹನಕೆರೆಗೆ ಬಂದು ರೈಲಿಳಿದಾಗ ಬೋರಣ್ಣ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಸುತ್ತಿಗೆ ಊರಿಕೊಂಡು ನಿಂತಿದ್ದ.

"ಮುಗಿಸ್ದೇನ್ಲಾ?"

"ಮುಗಿಸ್ದೆ ಕಣಣ್ಣ."

ಆವತ್ತು ಅವನು ನನ್ನ ಕಾಲು ನೋಡಲಿಲ್ಲ. ತಲೆಯೆತ್ತಿ ಮುಖ ನೋಡಿದ. ಅವನ ಕಣ್ಣಿನ ಬಣ್ಣ ನಸುಗಂದು ಎಂದು ನನಗೆ ಗೊತ್ತಾದದ್ದೇ ಆಗ. "ಸರಿ, ಮನೇಗೋಗು. ನಿಮ್ಮವ್ವ ಕಾಯ್ತಾ ಅವ್ಳೆ," ಅಂದು ಹಳಿಗಿಳಿದು ಹೋದ.

ಊರ ಸ್ಕೂಲಿನಲ್ಲಿ ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಬೋರಣ್ಣ ಡ್ಯೂಟಿ ಇದೆ ಎಂದು ಬರಲಿಲ್ಲ. ಕ್ರೀಡಾ ಕೋಟಾದಲ್ಲಿ ಮಂಡ್ಯದ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು, ಓಟ ನಿಂತಿತು. ಫೋನಿನಲ್ಲಿ ಹುಡುಕಿದರೆ ಆ ಓಟದ ಫಲಿತಾಂಶ ಈಗಲೂ ಸಿಗುತ್ತದೆ. ನನ್ನ ಹೆಸರಿನ ಮುಂದೆ ಸಮಯ ಇಲ್ಲ, ಡಿಎನ್‌ಎಫ್ ಎಂಬ ಮೂರಕ್ಷರ ಇದೆ, ಮುಗಿಸಲಿಲ್ಲ ಎಂದು ಅರ್ಥ. ಊರಿನಲ್ಲಿ ಯಾರೂ ಹುಡುಕಲಿಲ್ಲ. ಬೋರಣ್ಣನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ವಾರಕ್ಕೊಮ್ಮೆ ಟೀ ಅಂಗಡಿಯಲ್ಲಿ ಸಿಗುತ್ತಿದ್ದೆವು. ಅವನು ಮಳೆ ಬಗ್ಗೆ ಮಾತಾಡುತ್ತಿದ್ದ, ಹಳಿ ರಿಪೇರಿ ಗ್ಯಾಂಗಿಗೆ ಹೊಸದಾಗಿ ಬಂದ ಹುಡುಗರನ್ನು ಬೈಯುತ್ತಿದ್ದ. ಆ ಓಟದ ಸುದ್ದಿ ಮಾತ್ರ ಒಂದು ದಿನವೂ ಎತ್ತಲಿಲ್ಲ. ಇವನಿಗೆ ಗೊತ್ತೋ ಗೊತ್ತಿಲ್ಲವೋ ಎಂದು ನಾನು ಹನ್ನೊಂದು ವರ್ಷ ಅವನ ಎದುರು ಟೀ ಕುಡಿದೆ. ಹೇಳಿಬಿಡಬೇಕು ಅಂತ ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಲೋಟ ಖಾಲಿಯಾಗುತ್ತಿತ್ತು, ಎದ್ದು ಬರುತ್ತಿದ್ದೆ.

ನಿವೃತ್ತಿಯಾದ ಎರಡನೇ ವರ್ಷಕ್ಕೆ ಅವನ ಶ್ವಾಸಕೋಶ ಕೆಟ್ಟಿತು. ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಮಧ್ಯಾಹ್ನ ಕಚೇರಿಯಿಂದ ನಡೆದು ಹೋದೆ. ಬೋರಣ್ಣನ ಹೆಂಡತಿ ಜಯಮ್ಮಕ್ಕ ಮೂಸಂಬಿ ಸುಲಿಯುತ್ತಿದ್ದರು. ಅವನು ಕಣ್ಣು ಬಿಟ್ಟು, "ಆಫೀಸ್ ಬುಟ್ಟು ಯಾಕ್ಲಾ ಬಂದೆ?" ಅಂದ. "ಸುಮ್ನೆ ಬಂದೆ ಕಣಣ್ಣ," ಅಂದೆ. ಅಷ್ಟೇ ಆದದ್ದು. ಮೂರನೇ ದಿನ ಹೋಗಿಬಿಟ್ಟ.

ಮಣ್ಣು ಮಾಡುವಾಗಲೂ ನನಗೆ ಅಳು ಬರಲಿಲ್ಲ. ಅಪ್ಪ ಹೋದಾಗ ಗೋಳೋ ಎಂದು ಅತ್ತವನು ನಾನು. ಇಲ್ಲಿ ಎಲ್ಲರ ಜೊತೆ ಹಿಡಿ ಮಣ್ಣು ಹಾಕಿದೆ, ಕೈ ತೊಳೆದುಕೊಂಡೆ. ಅವನನ್ನು ಅಷ್ಟೊಂದು ಹಚ್ಚಿಕೊಂಡಿದ್ದೆ ಎಂದು ಗೊತ್ತು, ಆದರೆ ಒಳಗೆ ಏನೂ ಅಲ್ಲಾಡಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಬೆಳಗ್ಗೆಯೇ ಹೋಗಿ ಶಾಮಿಯಾನ ಕಟ್ಟಿಸಿದೆ, ನೀರು ಹೊತ್ತೆ. ಸಾಕಾಗಿ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾಗ ಜಯಮ್ಮಕ್ಕ ಬಂದು ಹತ್ತಿರ ನಿಂತರು.

"ಆಸ್ಪತ್ರೇಲಿ ಅವ್ರು ದಿನ್ವೂ ನಿನ್ ಓಟದ್ ಕತೇನೇ ಯೋಳೋರು ಕಣಪ್ಪ. ಅದೇನ್ ಬಿಸ್ಲು, ಅದೇನ್ ದೂರ ಅಂತ, ತಾವೇ ಓಡ್ದಂಗೆ. ಕಡೆಕಡೇಲಿ ನಮ್ಮುಡ್ಗ ರಸ್ತೆ ಪಕ್ಕ ಕೂತ್ಕಬುಟ್ಟ, ಪಾಪ, ಅನ್ನೋರು."

ನಾನು ಯಾರಿಗೂ ಹೇಳದ್ದನ್ನು ಅವನು ಆವತ್ತೇ ಪ್ಲಾಟ್‌ಫಾರ್ಮಿನಲ್ಲಿ ನನ್ನ ಮುಖ ನೋಡಿ ತಿಳಿದುಕೊಂಡಿರಬೇಕು. ಜಯಮ್ಮಕ್ಕ ಸೆರಗಿನಿಂದ ಮೂಗೊರೆಸಿಕೊಂಡರು.

"ಅಲ್ಗಂಟ ಯೋಳಿ ಸುಮ್ಕಾಗ್ಬುಡೋರು. ಮುಂದುಕ್ಕೆ ಒಂದ್ ದಿನ್ವೂ ಯೋಳ್ನಿಲ್ಲ. ಆಮೇಕೆ ಎಂಗ್ ಎದ್ದು ಓಡ್ದೆ ಕಣಪ್ಪ ನೀನು?"

ಶಾಮಿಯಾನದ ಕಡೆಯಿಂದ ಎಲೆ ಹಾಕಿ ಎಂದು ಯಾರೋ ಕೂಗಿದರು.

"ಎದ್ದೇಳ್ನಿಲ್ಲ ಕಣಕ್ಕ," ಅಂದೆ.