ನೀಲಗಾಯಿಗೆ ಸಾಕಾಗದ ಬಂದೂಕು

ನಮ್ಮ ಮನೆಯಲ್ಲಿ ಯಾರೂ ಮಾಂಸ ತಿನ್ನುವುದಿಲ್ಲ. ಎಲ್ಲರ ಕೊರಳಲ್ಲೂ ಲಿಂಗವಿದೆ. ಆದರೂ ನನ್ನ ತಮ್ಮ ನೀಲಗಾಯಿ ಹೊಡೆಯುತ್ತಾನೆ. ಬೆಳೆ ಹಾಳಾದ ರೈತರು ಅರಣ್ಯ ಇಲಾಖೆಯ ಪರವಾನಿಗೆ ತಂದಮೇಲೆ, ಹಗಲಿನಲ್ಲಿ, ಅವರೆಲ್ಲರ ಎದುರಿಗೇ ಹೊಡೆಯುತ್ತಾನೆ. ಬೀದರ್ ಕಡೆಯ ನಮ್ಮ ನೆಂಟರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ಮುರಿಯಲಿ. ಹೂ ಬಿಟ್ಟ ತೊಗರಿಯನ್ನು ಒಂದು ಹಿಂಡು ಬೆಳಗಾಗುವುದರೊಳಗೆ ತುಳಿದು ಹೋದದ್ದನ್ನು ಅವರು ನೋಡಿಲ್ಲ. ಕೊಂದದ್ದಕ್ಕೆ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಕೆಟ್ಟದಾಗಿ ಕೊಲ್ಲಿಸಿದ್ದಕ್ಕೆ, ಆಮೇಲೆ ಆ ತಪ್ಪನ್ನು ತಮ್ಮನ ಮೇಲೆ ಹಾಕಿದ್ದಕ್ಕೆ ತಗ್ಗಿಸುತ್ತೇನೆ.

ನಾನು ಓದಿದ್ದು ಏಳನೇ ಇಯತ್ತೆಯವರೆಗೆ. ನಾಶಿಕದ ಅಂಬಡ್‌ನಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತೇನೆ. ತಮ್ಮ ಪೈಠಣದ ಹತ್ತಿರ ಮೋಸಂಬಿ ತೋಟ ಮಾಡಿಕೊಂಡಿದ್ದಾನೆ. ನಮ್ಮಪ್ಪ ಸಂಭಾಜಿನಗರದ ಬ್ಯಾಂಕೊಂದರ ಬಾಗಿಲಲ್ಲಿ ಕಾವಲುಗಾರರಾಗಿದ್ದರು. ಅವರದೇ ಎರಡು ನಳಿಗೆಯ ಬಾರಾ ಬೋರ್ ಬಂದೂಕಿತ್ತು. ಅವರು ಹೋದಮೇಲೆ ಅದು ಲೈಸೆನ್ಸ್ ಸಮೇತ ತಮ್ಮನಿಗೆ ಬಂತು. ನನಗೆ ಬಂದದ್ದು ಅವರ ಕೋಟು.

ತಮ್ಮನಿಗೆ ಅವನದೇ ಒಂದು ಕಟ್ಟಳೆಯಿತ್ತು. ತಿನ್ನದವರು ನಾವು, ನಮ್ಮ ಕೈಯಿಂದ ಸಾಯುವ ಪ್ರಾಣಿ ನರಳಬಾರದು. ನಿಂತಲ್ಲೇ ಬೀಳುತ್ತದೆಂಬ ಖಾತ್ರಿ ಇಲ್ಲದಿದ್ದರೆ ಅವನು ಬಂದೂಕು ಎತ್ತುತ್ತಲೇ ಇರಲಿಲ್ಲ. ಹಂದಿಗಳು ಹತ್ತಿರ ಬರುತ್ತವೆ, ಅವುಗಳಿಗೆ ಬಾರಾ ಬೋರ್ ಸಾಕಾಗುತ್ತಿತ್ತು. ಇಲ್ಲಿಯವರು ರೋಹಿ ಎಂದು ಕರೆಯುವ ನೀಲಗಾಯಿ ಹಾಗಲ್ಲ. ಗಂಡಾದರೆ ಕುದುರೆಯಷ್ಟು ಎತ್ತರ, ಕತ್ತಿನ ತೊಗಲು ದಪ್ಪ, ಬಯಲಿನಲ್ಲಿ ದೂರವೇ ನಿಲ್ಲುತ್ತದೆ. ಅದಕ್ಕೆ ಮುನ್ನೂರ ಹದಿನೈದರ ರೈಫಲ್ ಬೇಕು, ಹಳೆಯದನ್ನು ಅಂಗಡಿಗೆ ಕೊಟ್ಟು ಅದನ್ನು ತರುತ್ತೇನೆ ಎಂದು ಅವನು ನನ್ನನ್ನು ಕೇಳಿದ. ಹಿರಿಯನ ಮಾತಿಲ್ಲದೆ ಅಪ್ಪನ ವಸ್ತು ಮನೆಯಿಂದ ಹೊರಗೆ ಹೋಗುವ ರೂಢಿ ನಮ್ಮಲ್ಲಿಲ್ಲ.

ಇಬ್ಬರೂ ಸಂಭಾಜಿನಗರದ ಬಂದೂಕಿನ ಅಂಗಡಿಗೆ ಹೋದೆವು. ನನ್ನ ಜೇಬಿನಲ್ಲಿ ವರ್ನಿಯರ್ ಇತ್ತು. ಅಪ್ಪನ ಬಂದೂಕಿನ ಬಾಯಿ ಅಳೆದೆ, ಹದಿನೆಂಟು ಮಿಲಿಮೀಟರ್ ದಾಟಿತು. ರೈಫಲಿನದು ಎಂಟು. ನನಗೆ ನಗು ಬಂತು. ಕಬ್ಬಿಣದ ವಿಷಯದಲ್ಲಿ ನನಗೆ ಹೇಳಿಕೊಡುವವರು ಯಾರು ಎಂಬ ಸೊಕ್ಕು ಅದು.

"ಹದಿನೆಂಟು ದೊಡ್ಡದೋ, ಎಂಟು ದೊಡ್ಡದೋ?" ಎಂದೆ.

"ತೂತಿನ ಮಾತಲ್ಲ ಅಣ್ಣಾ," ಎಂದ ತಮ್ಮ. "ಬಾರಾ ಬೋರಿಂದು ಸೀಸದ ಕಾಳು ಹರಡ್ತಾವ. ದೂರ ಹೋದಂಗ ಜೋರು ಕಡಿಮಿ ಆಗ್ತದ, ತೊಗಲದಾಗೇ ನಿಂದರ್ತಾವ. ರೈಫಲಿಂದು ಒಂದೇ ಗುಂಡು. ತಿರುಗಿಕೋತ ಸೀದಾ ಹೋಗಿ ಎದಿ ಒಳಗ ಇಳೀತದ."

ಅಂಗಡಿಯವನೂ ಹಿಂದಿಯಲ್ಲಿ ಅದನ್ನೇ ಹೇಳಿದ. ರೋಹಿಗೆ ಬಾರಾ ಬೋರಿನ ಕಾಳು ಹಾರಿಸುವುದೆಂದರೆ ಅದಕ್ಕೆ ಗಾಯ ಮಾಡಿ ಕಳಿಸುವುದು ಅಷ್ಟೇ ಎಂದ. ವ್ಯಾಪಾರದ ಮಾತು ಎಂದು ನಾನು ತಮ್ಮನನ್ನು ಎಬ್ಬಿಸಿಕೊಂಡು ಬಂದೆ. ನಿಜ ಹೇಳುತ್ತೇನೆ, ಅವರ ಮಾತು ನನಗೆ ಅರ್ಥವಾಗಿತ್ತು. ದಿನವೂ ಲೋಹ ಕೊರೆಯುವವನಿಗೆ ಅಗಲ ಬೇರೆ, ಆಳ ಬೇರೆ ಎಂಬುದು ಗೊತ್ತಿರುವುದಿಲ್ಲವೇ? ಅಪ್ಪನ ಬಂದೂಕು ಅವನಿಗೆ ಬಂತಲ್ಲ ಎಂಬ ಉರಿ ನನಗೆ. ಬಂದದ್ದನ್ನು ಮಾರುವ ಹಕ್ಕನ್ನೂ ಕೊಡಬೇಕೇ ಎಂದು ಹಟ ಹಿಡಿದೆ.

ಆ ಚಳಿಗಾಲ ನಾನು ರಜೆಯಲ್ಲಿ ಪೈಠಣಕ್ಕೆ ಹೋದಾಗ, ಪಕ್ಕದ ಊರಿನ ರೈತರು ಪರವಾನಿಗೆ ತಂದು ತಮ್ಮನನ್ನು ಕರೆದರು. ನಾನೂ ಹೋದೆ. ಹೊತ್ತು ಮೂಡುವಾಗ ತೊಗರಿ ಹೊಲದ ಆಚೆಯ ಬದುವಿನ ಮೇಲೆ ದೊಡ್ಡ ಗಂಡೊಂದು ಅಡ್ಡಲಾಗಿ ನಿಂತಿತ್ತು. ತಮ್ಮ ನೋಡಿ, ದೂರವಾಯಿತು, ಈ ಬಂದೂಕಿಗೆ ಆಗುವುದಿಲ್ಲ ಎಂದು ಪಿಸುಗುಟ್ಟಿದ. ಹಿಂದೆ ರೈತರು ಕಾಯುತ್ತಿದ್ದರು. ಒಬ್ಬ ಮರಾಠಿಯಲ್ಲಿ, ಸೊಪ್ಪು ತಿನ್ನುವವರನ್ನು ಕರೆತಂದರೆ ಹೀಗೇ, ಇಬ್ಬರೂ ಕೂತು ರೋಹಿಗೆ ಮಂಗಳಾರತಿ ಎತ್ತಲಿ ಎಂದ. ಉಳಿದವರು ನಕ್ಕರು.

ನಾನು ತಮ್ಮನ ಕಿವಿಯ ಹತ್ತಿರ ಬಗ್ಗಿದೆ. "ಹೊಡಿ. ಅಪ್ಪ ಇದಕ್ಕಿಂತ ದೂರ ಹೊಡೀತಿದ್ರು."

ಸುಳ್ಳು. ಅಪ್ಪ ಬ್ಯಾಂಕಿನ ಬಾಗಿಲಲ್ಲಿ ಜೀವಮಾನವೆಲ್ಲ ನಿಂತರು, ಒಂದು ಗುಬ್ಬಿಗೂ ಗುರಿ ಇಟ್ಟವರಲ್ಲ. ತಾನು ಹುಟ್ಟುವ ಮುಂಚಿನ ಮಾತಿರಬಹುದೆಂದು ನಂಬಿಯೋ, ನಾನು ಹಿರಿಯನೆಂದೋ, ತಮ್ಮ ಬಂದೂಕಿನ ಕುದುರೆ ಒತ್ತಿದ.

ರೋಹಿ ಬೀಳಲಿಲ್ಲ. ಹಿಂಗಾಲು ಎಳೆಯುತ್ತ ಪಕ್ಕದ ಕಬ್ಬಿನೊಳಗೆ ನುಗ್ಗಿತು. ಇಡೀ ದಿನ ಹುಡುಕಿದೆವು. ಮಾರನೆಯ ಬೆಳಿಗ್ಗೆ ಜಾಯಕವಾಡಿ ಅಣೆಕಟ್ಟಿನ ಹಿನ್ನೀರಿನ ಕೆಸರಿನಲ್ಲಿ ಸಿಕ್ಕಿತು. ಹೊಟ್ಟೆಯಲ್ಲಿ ಕಾಳು ಹೊಕ್ಕ ತೂತುಗಳು, ಅವುಗಳ ಮೇಲೆ ನೊಣ. ಜೀವ ಇತ್ತು. ನಮ್ಮನ್ನು ಕಂಡು ಏಳಲು ನೋಡಿತು, ಆಗಲಿಲ್ಲ. ತಮ್ಮ ಮೊಣಕಾಲವರೆಗೆ ಕೆಸರಿನಲ್ಲಿ ಇಳಿದು ಹೋಗಿ, ಕತ್ತಿನ ಪಕ್ಕಕ್ಕೆ ನಳಿಗೆ ಹಿಡಿದು ಮುಗಿಸಿದ. ಅಷ್ಟು ಹತ್ತಿರದಿಂದ ಅಪ್ಪನ ಬಂದೂಕು ಸಾಕಾಯಿತು.

ಏನಾಯಿತು ಎಂದು ಹೊಲದವನು ಕೇಳಿದ. ತಮ್ಮ ಕೆಸರು ತೊಳೆಯಲು ಹೋಗಿದ್ದ. "ಅವನ ಕೈ ನಡುಗಿತು," ಎಂದುಬಿಟ್ಟೆ.

ಆ ಮಾತು ಊರೂರು ಸುತ್ತಿತು. ತಮ್ಮನನ್ನು ಕರೆಯುವುದು ನಿಂತಿತು. ಅವನ ಬದಲು ಜೀಪಿನವನೊಬ್ಬ ಬರತೊಡಗಿದ, ಓಡುವ ಹಿಂಡಿನ ಮೇಲೆ ಹಾರಿಸುವವನು. ಕಾಲು ಮುರಿದ ರೋಹಿಗಳು ಕಬ್ಬಿನಲ್ಲಿ ಸತ್ತು ನಾರುತ್ತಿವೆ ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು. ಇವರು ತೋಟ ಬಿಟ್ಟು ಹೊರಗೆ ಬರುವುದೇ ಇಲ್ಲ ಭಾವ ಎಂದಳು. ನಾನೇನು ಹೇಳಿದ್ದೆ ಎಂಬುದು ಅವನ ಕಿವಿಗೂ ಬಿದ್ದಿತ್ತು. ಅವನು ನನ್ನನ್ನು ಕೇಳಲೇ ಇಲ್ಲ.

ಮುಂದಿನ ಪರವಾನಿಗೆ ಬಂದಾಗ ರೈತರು ಮಾರುತಿ ಗುಡಿಯ ಕಟ್ಟೆಯಲ್ಲಿ ಸೇರುತ್ತಾರೆಂದು ತಿಳಿದು ರಜೆ ಹಾಕಿ ಹೋದೆ. ತಮ್ಮನನ್ನೂ ಕರೆದುಕೊಂಡೇ ಹೋದೆ. ನಿಂತು ಎಲ್ಲ ಹೇಳಿದೆ: ರೈಫಲ್ ಬೇಡವೆಂದದ್ದು ನಾನು, ಅಪ್ಪನ ಹೆಸರಿನಲ್ಲಿ ಸುಳ್ಳು ಹೇಳಿ ಹೊಡೆಸಿದ್ದು ನಾನು, ಕೈ ನಡುಗಿತು ಎಂದದ್ದೂ ಸುಳ್ಳು. ಮಂಗಳಾರತಿಯ ಮಾತಾಡಿದ್ದವನು, ಹಾಗಾದರೆ ಈಗ ಕಾಶಿಗೆ ಹೋಗುತ್ತೀರೋ ಎಂದು ಕೇಳಿದ. ಇಲ್ಲ, ಬಂದೂಕಿನ ಅಂಗಡಿಗೆ ಹೋಗುತ್ತೇನೆ ಎಂದೆ.

ತಮ್ಮ ಮಾತ್ರ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ, "ಎಲ್ಲಾ ನಿನ್ನ ಮ್ಯಾಲೆ ಹಾಕ್ಕೋಬ್ಯಾಡ. ಕುದುರಿ ಒತ್ತಿದ್ದು ನಾನಽ. ಆಗಂಗಿಲ್ಲ ಅಂತ ಗೊತ್ತಿದ್ದೂ ಒತ್ತಿದೆ."



ಅಪ್ಪನ ಬಂದೂಕನ್ನು ಅಂಗಡಿಗೆ ಕೊಟ್ಟದ್ದು ನನ್ನ ಕೈಯಿಂದಲೇ. ರೈಫಲ್ ಬಂತು. ಅಪ್ಪನ ನೆನಪನ್ನೇ ಮಾರಿದಿರಿ ಎಂದು ನೆಂಟರು ಅಂದರು. ಹೌದು, ಮಾರಿದೆವು. ನೆನಪಿಗೋಸ್ಕರ ಒಂದು ಪ್ರಾಣಿ ಹಿನ್ನೀರಿನಲ್ಲಿ ರಾತ್ರಿಯಿಡೀ ನರಳಬೇಕಾಗಿಲ್ಲ.

ಒಬ್ಬ ರೈತ ಮಾತ್ರ ಮತ್ತೆ ತಮ್ಮನನ್ನು ಕರೆದ. ನಾನೂ ಬರಲೇ ಎಂದು ಕೇಳಿದೆ. "ಬಾ. ಬಾಯಿ ತೆಗೀಬ್ಯಾಡ," ಎಂದ ತಮ್ಮ. ಆಗಲಿ ಎಂದು ಮಾತು ಕೊಟ್ಟೆ.

ಗಂಡು ರೋಹಿ ಹಿಂದಿನ ಸಲಕ್ಕಿಂತ ಹತ್ತಿರವೇ ನಿಂತಿತ್ತು. ಆದರೆ ಹಿಂಭಾಗ ನಮ್ಮ ಕಡೆಗಿತ್ತು, ಎದೆ ಕಾಣುತ್ತಿರಲಿಲ್ಲ. ತಮ್ಮ ಗುರಿ ಹಿಡಿದು ಬಹಳ ಹೊತ್ತು ಕಾದ. ಅದು ತಿರುಗಲಿಲ್ಲ. ಅವನು ರೈಫಲ್ ಇಳಿಸಿದ. ಹಿಂದಿನಿಂದ ಗೊಣಗಾಟ ಎದ್ದಿತು, ಇಷ್ಟು ದುಬಾರಿ ರೈಫಲ್ ತಂದು ಇನ್ನೂ ಏನು ನೋಡುತ್ತಿದ್ದಾನೆ, ಅಣ್ಣನಾದರೂ ಹೇಳಬಾರದೇ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ತಮ್ಮನಿಗೆ ಕೊಟ್ಟ ಮಾತು ಮುರಿದೆ. ಅವರ ಕಡೆ ತಿರುಗಿ, ಅವನಿಗೂ ಕೇಳಿಸುವಂತೆ ಮರಾಠಿಯಲ್ಲಿ ಹೇಳಿದೆ: ಇವತ್ತು ಹೊಡೆಯುವುದಿಲ್ಲ, ಅವಸರವಿದ್ದವರು ಜೀಪಿನವನನ್ನು ಕರೆದುಕೊಳ್ಳಿ.

ಹಿಂಡು ಬದು ದಾಟಿ ಹೋಯಿತು. ತಮ್ಮ ಗುಂಡು ತೆಗೆದು ಜೇಬಿಗೆ ಹಾಕಿಕೊಂಡು, ನಾಳೆ ಬೆಳಿಗ್ಗೆ ಮತ್ತೆ ಬರುತ್ತೇವೆ ಎಂದು ಹೊಲದವನಿಗೆ ಹೇಳಿದ.